ಡೈನೋಸಾರ್ ಸಿನಿಮಾ: ಮಂಗಳೂರಿನ ಪ್ರೇಕ್ಷಕರ ಆರು ಮಾತುಗಳು

ಡೈನೋಸಾರ್‌ಗಳ ಕಾಲ ಮುಗಿದು 6.6 ಕೋಟಿ ವರ್ಷಗಳಾದವು. ಹಾಗಿದ್ದರೂ ಮೂರನೇ ತರಗತಿಯ ಮಗುವಿಗೂ ‘ಟಿ ರೆಕ್ಸ್’ ಹೆಸರು ಬಾಯಿಪಾಠ. ಈ ಪರಿಚಯ ಮಾಡಿಸಿದ ಕೀರ್ತಿ ಬಹುಮಟ್ಟಿಗೆ ಸಿನಿಮಾಕ್ಕೆ ಸಲ್ಲಬೇಕು. 1993ರ ‘ಜುರಾಸಿಕ್ ಪಾರ್ಕ್’ನಿಂದ 2025ರ ‘ಜುರಾಸಿಕ್ ವರ್ಲ್ಡ್: ರೀಬರ್ತ್’ವರೆಗೆ ಈ ಸರಣಿಯಲ್ಲಿ 7 ಚಿತ್ರಗಳು ಬಂದಿವೆ. ಮಂಗಳೂರಿನಲ್ಲಿ ಇಂಥ ಚಿತ್ರ ಮುಗಿಸಿ ಹೊರಬಂದವರು ಗಡ್‌ಬಡ್ ಐಸ್‌ಕ್ರೀಮ್ ಮುಂದಿಟ್ಟುಕೊಂಡು ಆಡುವ ಮಾತುಗಳು ಪ್ರತಿ ಸಲವೂ ಹೆಚ್ಚುಕಡಿಮೆ ಅವೇ. ಪತ್ರಿಕೆಯ ವಿಮರ್ಶೆಯಲ್ಲಿ ಅವಕ್ಕೆ ಜಾಗವಿಲ್ಲ. ಆದರೆ ಒಂದೊಂದಾಗಿ ಒರೆಗೆ ಹಚ್ಚಿದರೆ ಅವುಗಳಲ್ಲಿ ಹೆಚ್ಚಿನವು ಗಟ್ಟಿ ಮಾತುಗಳೇ. ಅಂಥ ಆರು ಅಭಿಪ್ರಾಯಗಳ ಪರಿಶೀಲನೆ ಇಲ್ಲಿದೆ.

ಸರಣಿಯ ಹಿನ್ನೆಲೆ

ತೆರೆಯ ಮೇಲೆ ಡೈನೋಸಾರ್ ಕಾಣಿಸಿಕೊಂಡು ನೂರು ವರ್ಷ ದಾಟಿದೆ. ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ 1914ರಲ್ಲಿ ‘ಗರ್ಟಿ’ ಎಂಬ ಡೈನೋಸಾರನ್ನು ಚಿತ್ರ ಬರೆದು ಕುಣಿಸಿದ. ಷರ್ಲಾಕ್ ಹೋಮ್ಸ್ ಖ್ಯಾತಿಯ ಕಾನನ್ ಡಾಯ್ಲ್ ಬರೆದ ‘ದಿ ಲಾಸ್ಟ್ ವರ್ಲ್ಡ್’ ಕಾದಂಬರಿ 1925ರಲ್ಲಿ ಮೂಕಿ ಚಿತ್ರವಾಯಿತು. ಅದರಲ್ಲಿ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಚಿತ್ರೀಕರಿಸಿದ ವಿಲ್ಲಿಸ್ ಓಬ್ರಿಯನ್, 1933ರ ‘ಕಿಂಗ್ ಕಾಂಗ್’ನಲ್ಲೂ ಅದೇ ಕೈಚಳಕ ತೋರಿದ. 1954ರಲ್ಲಿ ಜಪಾನಿನಿಂದ ‘ಗಾಡ್ಜಿಲಾ’ ಬಂತು.

ಮೈಕೆಲ್ ಕ್ರೈಟನ್ ‘ಜುರಾಸಿಕ್ ಪಾರ್ಕ್’ ಕಾದಂಬರಿ ಪ್ರಕಟಿಸಿದ್ದು 1990ರಲ್ಲಿ. ಸ್ಟೀವನ್ ಸ್ಪೀಲ್‌ಬರ್ಗ್ ಅದನ್ನು ಚಿತ್ರವಾಗಿಸಿದರು. 1993ರ ಜೂನ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ಚಿತ್ರ ಮೊದಲ ಸುತ್ತಿನಲ್ಲೇ ಜಗತ್ತಿನಾದ್ಯಂತ 90 ಕೋಟಿ ಡಾಲರಿಗೂ ಹೆಚ್ಚು ಗಳಿಸಿ, ಧ್ವನಿಗೆ ಎರಡು ಹಾಗೂ ದೃಶ್ಯ ಪರಿಣಾಮಕ್ಕೆ ಒಂದು, ಹೀಗೆ ಮೂರು ಆಸ್ಕರ್ ಪಡೆಯಿತು. ಭಾರತಕ್ಕೆ ಬಂದದ್ದು 1994ರಲ್ಲಿ, ಇಂಗ್ಲಿಷಿನ ಜೊತೆಗೆ ಹಿಂದಿಯಲ್ಲೂ. ಹಿಂದಿ ಡಬ್ಬಿಂಗ್‌ನಿಂದ ಹಾಲಿವುಡ್‌ಗೆ ಇಲ್ಲಿ ಎಷ್ಟು ದೊಡ್ಡ ಮಾರುಕಟ್ಟೆ ಉಂಟೆಂದು ನಿರ್ಮಾಪಕರಿಗೆ ಅಂದಾಜಾದದ್ದು ಈ ಚಿತ್ರದಿಂದಲೇ. 2015ರ ‘ಜುರಾಸಿಕ್ ವರ್ಲ್ಡ್’ನಲ್ಲಿ ಪಾರ್ಕಿನ ಮಾಲೀಕ ಸೈಮನ್ ಮಸ್ರಾನಿಯಾಗಿ ನಟಿಸಿದವರು ಇರ್ಫಾನ್ ಖಾನ್.

ಮಂಗಳೂರಿನ ಥಿಯೇಟರುಗಳು ಮತ್ತು ಮಳೆಗಾಲ

ಮಲ್ಟಿಪ್ಲೆಕ್ಸ್ ಬರುವ ಮೊದಲು ಮಂಗಳೂರಿಗರ ಸಿನಿಮಾ ಎಂದರೆ ಜ್ಯೋತಿ, ರೂಪವಾಣಿ, ಸೆಂಟ್ರಲ್, ರಾಮಕಾಂತಿ, ಸುಚಿತ್ರಾ, ಪ್ರಭಾತ್, ಪ್ಲಾಟಿನಂ. ಇವುಗಳಲ್ಲಿ ಜ್ಯೋತಿ ಈಗ ಇಲ್ಲ. ಕೊರೋನಾ ಕಾಲದಲ್ಲಿ ಬಾಗಿಲು ಹಾಕಿ ನೆಲಸಮವಾಯಿತು. ಅದು ಇದ್ದ ವೃತ್ತಕ್ಕೆ ಅಂಬೇಡ್ಕರ್ ಹೆಸರಿದ್ದರೂ ಸಿಟಿ ಬಸ್ಸಿನ ಕಂಡಕ್ಟರ್ ಕೂಗುವುದು ‘ಜ್ಯೋತಿ, ಜ್ಯೋತಿ’ ಎಂದೇ. ಇಂದು ದೊಡ್ಡ ಇಂಗ್ಲಿಷ್ ಚಿತ್ರಗಳಿಗೆ ಜನ ಹೋಗುವುದು ಬಿಜೈಯ ಭಾರತ್ ಮಾಲ್, ಪಾಂಡೇಶ್ವರದ ಫಿಜಾ ಮಾಲ್ ಮತ್ತು ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರ್‌ಗೆ.

ಈ ಸರಣಿಗೂ ಕರಾವಳಿಯ ಮಳೆಗೂ ಒಂದು ನಂಟು ಉಂಟು. ಅಮೆರಿಕದಲ್ಲಿ ಜೂನ್ ಎಂದರೆ ಶಾಲೆಗಳಿಗೆ ಬೇಸಗೆ ರಜೆ. ದೊಡ್ಡ ಬಜೆಟ್ಟಿನ ಚಿತ್ರಗಳನ್ನು ಆಗಲೇ ಬಿಡುತ್ತಾರೆ. 2015, 2018 ಮತ್ತು 2022ರ ಮೂರೂ ಚಿತ್ರಗಳು ಭಾರತದಲ್ಲಿ ತೆರೆಕಂಡದ್ದು ಜೂನ್ ಮೊದಲಾರ್ಧದಲ್ಲಿ. ನಮ್ಮಲ್ಲಿ ಆಗ ರಜೆ ಮುಗಿದು ಶಾಲೆ ಶುರುವಾಗಿರುತ್ತದೆ, ಮುಂಗಾರು ಹಿಡಿದಿರುತ್ತದೆ. ಹಾಗಾಗಿ ಅಮೆರಿಕದ ಬೇಸಗೆ ಚಿತ್ರ ಮಂಗಳೂರಿನಲ್ಲಿ ಮಳೆಗಾಲದ ಚಿತ್ರವಾಗುತ್ತದೆ. ಮೊದಲ ಚಿತ್ರದಲ್ಲಿ ಟಿ ರೆಕ್ಸ್ ಬೇಲಿ ಮುರಿದು ಹೊರಬರುವುದೂ ಕರೆಂಟು ಹೋದ ಮಳೆಯ ರಾತ್ರಿಯಲ್ಲಿ. ಜಡಿಮಳೆ, ಕತ್ತಲೆ, ಕೆಟ್ಟು ನಿಂತ ವಾಹನ ಇವೆಲ್ಲ ಇಲ್ಲಿನವರಿಗೆ ಯಾರೂ ವಿವರಿಸಬೇಕಾದ ಸಂಗತಿಗಳಲ್ಲ.

ಒಂದನೇ ಮಾತು: “ಫಸ್ಟ್ ಪಾರ್ಟಿನಷ್ಟು ಲಾಯ್ಕಿಲ್ಲ ಮಾರಾಯ”

ಇದು ಹಳಬರ ಹಳಹಳಿಕೆ ಎಂದು ತಳ್ಳಿಹಾಕುವವರಿದ್ದಾರೆ. ಆದರೆ ಲೆಕ್ಕ ಹಳಬರ ಪರವಾಗಿದೆ. 127 ನಿಮಿಷಗಳ ಮೊದಲ ಚಿತ್ರದಲ್ಲಿ ಡೈನೋಸಾರ್‌ಗಳು ಕಾಣಿಸಿಕೊಳ್ಳುವುದು ಒಟ್ಟು ಸುಮಾರು 15 ನಿಮಿಷ ಮಾತ್ರ. ಉಳಿದ ಸಮಯವೆಲ್ಲ ಕಾಯಿಸುವುದರಲ್ಲಿ ಕಳೆಯುತ್ತದೆ.

ನೀರಿನ ಲೋಟದ ದೃಶ್ಯವನ್ನೇ ನೋಡಿ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಎರಡು ಪ್ಲಾಸ್ಟಿಕ್ ಲೋಟಗಳಲ್ಲಿ ನೀರು. ದೂರದಲ್ಲೆಲ್ಲೋ ‘ದಡ್’ ಎಂಬ ಸದ್ದು. ನೀರಿನಲ್ಲಿ ನಡುವಿನಿಂದ ಅಂಚಿನವರೆಗೆ ಒಂದರೊಳಗೊಂದು ಉಂಗುರಗಳು ಏಳುತ್ತವೆ. ಪ್ರಾಣಿ ಇನ್ನೂ ಕಂಡಿಲ್ಲ, ಆದರೆ ಅದರ ತೂಕ ಪ್ರೇಕ್ಷಕನಿಗೆ ಗೊತ್ತಾಗಿಬಿಟ್ಟಿತು. ಅಷ್ಟು ಅಚ್ಚುಕಟ್ಟಾದ ಉಂಗುರ ಮೂಡಿಸಲು ತಂತ್ರಜ್ಞರು ಮಾಡಿದ ಉಪಾಯ ಸರಳ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಗಿಟಾರಿನ ತಂತಿ ಬಿಗಿದು, ಕೆಳಗಿನಿಂದ ಮೀಟಿದರು.

ನಂತರದ ಚಿತ್ರಗಳಲ್ಲಿ ಪ್ರಾಣಿಗಳ ಸಂಖ್ಯೆ ಹೆಚ್ಚಿತು, ಗಾತ್ರ ಹೆಚ್ಚಿತು, ಕಾಯಿಸುವಿಕೆ ಕಡಿಮೆಯಾಯಿತು. 2015ರ ಚಿತ್ರದಲ್ಲಂತೂ ಇದ್ದ ಡೈನೋಸಾರ್ ಸಾಲದೆಂದು ‘ಇಂಡೊಮಿನಸ್ ರೆಕ್ಸ್’ ಎಂಬ ಹೊಸ ಬೆರಕೆ ಪ್ರಾಣಿಯನ್ನು ಕಥೆಯೊಳಗಿನ ವಿಜ್ಞಾನಿಗಳೇ ತಯಾರಿಸುತ್ತಾರೆ. ಜನರಿಗೆ ಮಾಮೂಲಿ ಡೈನೋಸಾರ್ ಬೇಸರ ಬಂದಿದೆ ಎಂಬುದು ಅವರು ಕೊಡುವ ಕಾರಣ. ಆ ಚಿತ್ರದ ಗಳಿಕೆ 160 ಕೋಟಿ ಡಾಲರ್ ಮೀರಿತು. ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಅದು ಮೊದಲನೆಯದಕ್ಕಿಂತ ಮುಂದಿದೆ. ಆದರೂ ಇಷ್ಟು ವರ್ಷಗಳ ನಂತರ ಜನ ನೆನಪಿಟ್ಟುಕೊಂಡಿರುವುದು ನೀರಿನ ಲೋಟವನ್ನು.

ಎರಡನೇ ಮಾತು: “ಈಗಿನದ್ದು ಗ್ರಾಫಿಕ್ಸ್ ಅಂತ ಗೊತ್ತಾಗ್ತದೆ”

ಕಂಪ್ಯೂಟರ್ ಇಷ್ಟು ಮುಂದುವರಿದ ಮೇಲೂ 1993ರ ಟಿ ರೆಕ್ಸ್ ಹೆಚ್ಚು ನಿಜವೆನಿಸುವುದಕ್ಕೆ ಕಾರಣ ಉಂಟು. ಆ ಚಿತ್ರದ 15 ನಿಮಿಷಗಳ ಡೈನೋಸಾರ್ ದೃಶ್ಯಗಳಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸುಮಾರು 6 ನಿಮಿಷ. ಉಳಿದದ್ದು ಸ್ಟ್ಯಾನ್ ವಿನ್‌ಸ್ಟನ್ ಅವರ ಸ್ಟುಡಿಯೊ ಕಟ್ಟಿದ ಯಂತ್ರದ ಗೊಂಬೆಗಳು. ಟಿ ರೆಕ್ಸ್ ಗೊಂಬೆ ಸುಮಾರು 12 ಮೀಟರ್ ಉದ್ದ, ಹಲವು ಟನ್ ತೂಕದ್ದು. ಮಳೆಯ ದೃಶ್ಯದಲ್ಲಿ ಅದರ ಫೋಮ್ ಚರ್ಮ ನೀರು ಹೀರಿ ಭಾರವಾಗಿ ಗೊಂಬೆ ಗಡಗಡ ನಡುಗತೊಡಗಿತು. ಚಿತ್ರೀಕರಣ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ಒಣಗಿಸಿ ಮುಂದುವರಿಸಬೇಕಾಯಿತು. ನಟರ ಎದುರಿಗೆ ನಿಜಕ್ಕೂ ಒಂದು ಭಾರದ ವಸ್ತು ಇತ್ತು. ಬೆಳಕು ಬಿದ್ದದ್ದು, ನೀರು ಜಾರಿದ್ದು ಅದರ ಮೈಮೇಲೆ. ಗ್ರಾಫಿಕ್ಸ್ ಬಳಸಿದ ಕಡೆಗಳಲ್ಲೂ ಆ ಗೊಂಬೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರು.

ಧ್ವನಿಯದ್ದೂ ಇದೇ ಕಥೆ. ಟಿ ರೆಕ್ಸ್‌ನ ಗರ್ಜನೆ ಆನೆಮರಿ, ಹುಲಿ ಮತ್ತು ಅಲಿಗೇಟರ್ ಮೊಸಳೆಯ ಕೂಗುಗಳ ಮಿಶ್ರಣ. ಡಿಟಿಎಸ್ ಎಂಬ ಡಿಜಿಟಲ್ ಧ್ವನಿ ವ್ಯವಸ್ಥೆ ಚಿತ್ರಮಂದಿರಗಳಿಗೆ ಕಾಲಿಟ್ಟದ್ದು ಈ ಚಿತ್ರದೊಂದಿಗೆ.

ವಿನ್‌ಸ್ಟನ್ ಸ್ಟುಡಿಯೊ ಪರಂಪರೆಗೂ ಮಂಗಳೂರಿಗೂ ಒಂದು ಸಣ್ಣ ಕೊಂಡಿ ಇದೆ. 2008ರಲ್ಲಿ ವಿನ್‌ಸ್ಟನ್ ತೀರಿಕೊಂಡ ಮೇಲೆ ಅವರ ಶಿಷ್ಯರು ಕಟ್ಟಿದ ಲೆಗಸಿ ಎಫೆಕ್ಟ್ಸ್ ಸಂಸ್ಥೆ 2010ರ ತಮಿಳು ಚಿತ್ರ ‘ಎಂದಿರನ್’ಗೆ ರೋಬೋ ಗೊಂಬೆಗಳನ್ನು ಮಾಡಿಕೊಟ್ಟಿತು. ಅದರ ನಾಯಕಿ ಐಶ್ವರ್ಯಾ ರೈ ಹುಟ್ಟಿದ್ದು ಮಂಗಳೂರಿನಲ್ಲಿ, 1973ರಲ್ಲಿ.

ಮೂರನೇ ಮಾತು: “ಎಲ್ಲ ಬಂಡಲ್, ಹಾಗೆಲ್ಲ ಇರ್ಲಿಲ್ಲ”

ಈ ಮಾತು ಅರ್ಧ ನಿಜ. ಶೀರ್ಷಿಕೆಯಿಂದಲೇ ತೊಡಗಬಹುದು. ಜುರಾಸಿಕ್ ಎಂಬುದು ಸುಮಾರು 20 ಕೋಟಿಯಿಂದ 14.5 ಕೋಟಿ ವರ್ಷ ಹಿಂದಿನ ಕಾಲಘಟ್ಟ. ಚಿತ್ರದ ಮುಖ್ಯ ಪ್ರಾಣಿಗಳಾದ ಟಿ ರೆಕ್ಸ್, ಟ್ರೈಸೆರಾಟಾಪ್ಸ್, ವೆಲಾಸಿರ‍್ಯಾಪ್ಟರ್ ಮೂರೂ ಅದರ ನಂತರದ ಕ್ರಿಟೇಷಿಯಸ್ ಕಾಲದವು. ಬೆನ್ನ ಮೇಲೆ ಹಲಗೆಗಳಿರುವ ಸ್ಟೆಗೊಸಾರಸ್‌ಗೂ ಟಿ ರೆಕ್ಸ್‌ಗೂ ನಡುವಿನ ಅಂತರ ಸುಮಾರು 8 ಕೋಟಿ ವರ್ಷ. ಟಿ ರೆಕ್ಸ್‌ಗೂ ನಮಗೂ ಇರುವ ಅಂತರ ಅದಕ್ಕಿಂತ ಕಡಿಮೆ.

ಅಡುಗೆಮನೆಯಲ್ಲಿ ಮಕ್ಕಳನ್ನು ಅಟ್ಟಿಸಿಕೊಂಡು ಬರುವ ವೆಲಾಸಿರ‍್ಯಾಪ್ಟರ್ ಚಿತ್ರದಲ್ಲಿ ಆಳೆತ್ತರ. ಮಂಗೋಲಿಯಾದಲ್ಲಿ ಸಿಕ್ಕ ನಿಜವಾದ ವೆಲಾಸಿರ‍್ಯಾಪ್ಟರ್ ಬಾಲ ಸೇರಿ 2 ಮೀಟರ್ ಉದ್ದವಿದ್ದರೂ ಸೊಂಟದ ಎತ್ತರ ಬೀದಿನಾಯಿಯಷ್ಟೇ. ಅದರ ಮುಂಗೈ ಮೂಳೆಯಲ್ಲಿ ಗರಿ ನಾಟಿಕೊಳ್ಳುವ ಗುಬುಟುಗಳಿರುವುದು 2007ರಲ್ಲಿ ದೃಢಪಟ್ಟಿತು. ಅಂದರೆ ಮೈತುಂಬ ಗರಿ ಇದ್ದ ಪ್ರಾಣಿ. ಕ್ರೈಟನ್ ತನ್ನ ಪಾತ್ರಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ಅಮೆರಿಕದಲ್ಲಿ ಸಿಕ್ಕ, ಇನ್ನೂ ದೊಡ್ಡದಾದ ಡೈನೊನೈಕಸ್ ಅನ್ನು. ಹೆಸರು ಮಾತ್ರ ಮಂಗೋಲಿಯಾದ್ದು. ಡೈಲೊಫೊಸಾರಸ್ ಕತ್ತಿನ ಸುತ್ತ ಛತ್ರಿ ಬಿಚ್ಚಿ ವಿಷ ಉಗುಳಿತ್ತು ಎನ್ನಲು ಯಾವ ಪುರಾವೆಯೂ ಇಲ್ಲ. ಅಲುಗಾಡದೆ ನಿಂತರೆ ಟಿ ರೆಕ್ಸ್‌ಗೆ ಕಾಣುವುದಿಲ್ಲ ಎಂಬುದೂ ಕಟ್ಟುಕಥೆ. ಅದರ ಎರಡೂ ಕಣ್ಣು ಮುಂದಕ್ಕೆ ತಿರುಗಿದ್ದು, ದೃಷ್ಟಿ ಚುರುಕಾಗಿತ್ತೆಂಬುದು ವಿಜ್ಞಾನಿಗಳ ಅಭಿಮತ. ಓಡುವ ಜೀಪನ್ನು ಹಿಡಿಯುವಷ್ಟು ವೇಗವೂ ಅಷ್ಟು ತೂಕದ ಪ್ರಾಣಿಗೆ ಸಾಧ್ಯವಿರಲಿಲ್ಲ. ನೀರಿನಿಂದ ಹಾರಿ ಶಾರ್ಕನ್ನು ನುಂಗುವ ಮೊಸಸಾರಸ್ ಡೈನೋಸಾರೇ ಅಲ್ಲ, ಅದು ಕಡಲಿನ ಸರೀಸೃಪ.

ಇನ್ನರ್ಧ ಚಿತ್ರದ ಪರವಾಗಿದೆ. 1993ರವರೆಗೆ ಹೆಚ್ಚಿನವರ ಮನಸ್ಸಿನಲ್ಲಿದ್ದ ಡೈನೋಸಾರ್ ಬಾಲ ಎಳೆಯುತ್ತ ತೆವಳುವ ಮಂದಬುದ್ಧಿಯ ಪ್ರಾಣಿ. ಬಾಲ ಎತ್ತಿ, ಬೆನ್ನು ನೆಲಕ್ಕೆ ಸಮಾಂತರವಾಗಿಸಿ, ಗುಂಪುಗೂಡಿ ಓಡುವ ಪ್ರಾಣಿಯನ್ನು ತೋರಿಸಿ, ಹಕ್ಕಿಗಳು ಅದರ ವಂಶದವು ಎಂಬ ವಿಚಾರವನ್ನು ಜನರ ಬಾಯಿಗೆ ತಂದದ್ದು ಈ ಚಿತ್ರ. ಈ ವಿಚಾರವನ್ನು ಇಂದು ವಿಜ್ಞಾನಿಗಳು ಒಪ್ಪುತ್ತಾರೆ. ಕೋಳಿಅಂಕದ ಹುಂಜದ ಕಾಲನ್ನು ಹತ್ತಿರದಿಂದ ನೋಡಿ. ಮುಂದಕ್ಕೆ ಮೂರು ಬೆರಳು, ಮೇಲೆಲ್ಲ ಹುರುಪೆ, ತುದಿಯಲ್ಲಿ ಉಗುರು. ಕೋರಿರೊಟ್ಟಿಯ ಸಾರಿನಲ್ಲಿರುವುದು ವಂಶಾವಳಿಯ ಲೆಕ್ಕದಲ್ಲಿ ಡೈನೋಸಾರೇ.

ನಾಲ್ಕನೇ ಮಾತು: “ಅದನ್ನು ಪುನಃ ಹುಟ್ಟಿಸ್ಲಿಕ್ಕೆ ಆಗ್ತದಾ?”

ಚಿತ್ರದ ಕಥೆ ಹೀಗೆ: ಡೈನೋಸಾರ್ ರಕ್ತ ಹೀರಿದ ಸೊಳ್ಳೆ ಮರದ ಅಂಟಿನಲ್ಲಿ ಸಿಕ್ಕಿಬೀಳುತ್ತದೆ, ಅಂಟು ಗಟ್ಟಿಯಾಗಿ ಅಂಬರ್ ಆಗುತ್ತದೆ, ಆ ರಕ್ತದಿಂದ ಡಿಎನ್‌ಎ ತೆಗೆದು, ಹರಿದುಹೋದ ಭಾಗಗಳಿಗೆ ಕಪ್ಪೆಯ ಡಿಎನ್‌ಎ ತೇಪೆ ಹಾಕುತ್ತಾರೆ. ಅಂಬರಿನೊಳಗೆ ಕೀಟಗಳು ಸಿಗುವುದು ನಿಜ. ಡಿಎನ್‌ಎ ಉಳಿಯುವುದು ಮಾತ್ರ ಸುಳ್ಳು. ನ್ಯೂಜಿಲೆಂಡಿನ ಮೋವಾ ಎಂಬ ಅಳಿದ ಹಕ್ಕಿಯ ಮೂಳೆಗಳನ್ನು ಪರೀಕ್ಷಿಸಿದ 2012ರ ಅಧ್ಯಯನದ ಪ್ರಕಾರ, ಮೂಳೆಯಲ್ಲಿರುವ ಡಿಎನ್‌ಎ ಕೊಂಡಿಗಳಲ್ಲಿ ಅರ್ಧದಷ್ಟು ಸುಮಾರು 521 ವರ್ಷಗಳಲ್ಲಿ ಕಳಚುತ್ತವೆ. ತಂಪು ಜಾಗದಲ್ಲಿದ್ದರೂ 68 ಲಕ್ಷ ವರ್ಷಗಳಲ್ಲಿ ಒಂದೂ ಉಳಿಯದು. ಇದುವರೆಗೆ ಓದಲು ಸಾಧ್ಯವಾದ ಅತಿ ಹಳೆಯ ಡಿಎನ್‌ಎ ಗ್ರೀನ್‌ಲೆಂಡಿನ ಹೆಪ್ಪುಗಟ್ಟಿದ ಮಣ್ಣಿನದ್ದು, ವಯಸ್ಸು ಸುಮಾರು 20 ಲಕ್ಷ ವರ್ಷ. ಡೈನೋಸಾರ್‌ಗೆ ಬೇಕಾದದ್ದು ಕನಿಷ್ಠ 6.6 ಕೋಟಿ ವರ್ಷದ ಬಾಳಿಕೆ.

2025ರಲ್ಲಿ ಅಮೆರಿಕದ ಕೊಲೋಸಲ್ ಎಂಬ ಕಂಪನಿ, ಅಳಿದುಹೋದ ‘ಡೈರ್ ವುಲ್ಫ್’ ತೋಳವನ್ನು ಮರಳಿ ತಂದೆವೆಂದು ಸಾರಿತು. ಅವು ಬೂದುತೋಳದ ವಂಶವಾಹಿಯಲ್ಲಿ 20 ತಿದ್ದುಪಡಿ ಮಾಡಿ ಪಡೆದ ಮರಿಗಳು. ಅವನ್ನು ಡೈರ್ ವುಲ್ಫ್ ಎನ್ನಲು ಹಲವು ವಿಜ್ಞಾನಿಗಳು ಒಪ್ಪಲಿಲ್ಲ. ಹಾಗಾಗಿ ಪ್ರಶ್ನೆಗೆ ಉತ್ತರ: ಡೈನೋಸಾರ್ ಆಗುವುದಿಲ್ಲ. ಆದರೆ ಹಣವಿದ್ದವರು ವಂಶವಾಹಿಯನ್ನು ಸರಕು ಮಾಡಿದರೆ ಏನಾದೀತು ಎಂಬ ಕ್ರೈಟನ್ ಪ್ರಶ್ನೆ ಇಂದು 1990ಕ್ಕಿಂತ ಹೆಚ್ಚು ಜೀವಂತವಾಗಿದೆ.

ಐದನೇ ಮಾತು: “ಕನ್ನಡದಲ್ಲಿ ಯಾಕೆ ಬರುದಿಲ್ಲ?”

ಕರ್ನಾಟಕದಲ್ಲಿ 1960ರ ದಶಕದ ಚಳವಳಿಯ ನಂತರ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ನಿಂತಿತು. ಅದಕ್ಕೆ ಕಾನೂನೇನೂ ಇರಲಿಲ್ಲ, ಚಿತ್ರೋದ್ಯಮದ ಕಟ್ಟುಪಾಡು ಇತ್ತು. ಇಲ್ಲಿನ ಕಲಾವಿದರ, ತಂತ್ರಜ್ಞರ ಅನ್ನ ಉಳಿಯಲಿ ಎಂಬುದು ಅದರ ಹಿಂದಿನ ಕಾಳಜಿ. ಪರಿಣಾಮವಾಗಿ 1990ರ ದಶಕದ ಕನ್ನಡ ಮಗು ‘ಜುರಾಸಿಕ್ ಪಾರ್ಕ್’ ನೋಡಿದ್ದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಂ ಎಲ್ಲ ಓಡಾಡುವ ಮಂಗಳೂರಿನಲ್ಲಿ ಮಾತು ಅರ್ಥವಾಗದಿರುವುದು ಅಂಥ ದೊಡ್ಡ ತೊಡಕಾಗಲಿಲ್ಲ. ಟಿ ರೆಕ್ಸ್‌ಗೆ ಸಂಭಾಷಣೆಯೂ ಇರಲಿಲ್ಲ. ಆದರೆ ಡಿಎನ್‌ಎ, ಅಂಬರ್, ಕಪ್ಪೆ ಮುಂತಾದ ವಿಜ್ಞಾನದ ಭಾಗ ಹಲವರ ತಲೆಯ ಮೇಲಿಂದ ಹಾದುಹೋಯಿತು. ವಿಜ್ಞಾನ ಚಿತ್ರವೊಂದು ಬರೀ ಭೂತದ ಚಿತ್ರವಾಗಿ ತಲುಪಿತು. ಡಬ್ಬಿಂಗ್ ಇಲ್ಲದಿದ್ದುದರ ನಿಜವಾದ ನಷ್ಟ ಇದು.

ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ಕಟ್ಟುಪಾಡಿನ ವಿರುದ್ಧ ಆದೇಶ ನೀಡಿತು. 2017ರಲ್ಲಿ ಅಜಿತ್ ಅಭಿನಯದ ತಮಿಳು ಚಿತ್ರ ‘ಸತ್ಯದೇವ್ ಐಪಿಎಸ್’ ಹೆಸರಿನಲ್ಲಿ ಕನ್ನಡ ಮಾತಾಡಿತು. 2022ರ ‘ಅವತಾರ್: ದಿ ವೇ ಆಫ್ ವಾಟರ್’ ಮತ್ತು 2023ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರ ಕನ್ನಡದಲ್ಲೂ ತೆರೆಕಂಡವು.

ಕನ್ನಡದ್ದೇ ವೈಜ್ಞಾನಿಕ ಚಿತ್ರಗಳು ಬೆರಳೆಣಿಕೆಯಷ್ಟು. 2002ರಲ್ಲಿ ಉಪೇಂದ್ರ ‘ಹಾಲಿವುಡ್’ನಲ್ಲಿ ರೋಬೋ ಆದರು. 2024ರ ‘ಬ್ಲಿಂಕ್’ ಕಾಲಯಾನದ ಕಥೆಯನ್ನು ಸಣ್ಣ ಬಂಡವಾಳದಲ್ಲಿ ಹೇಳಿ ಸೈ ಎನಿಸಿಕೊಂಡಿತು. ಡೈನೋಸಾರ್ ತೋರಿಸಲು ಕೋಟಿಗಟ್ಟಲೆ ಬೇಕು, ಕಾಲಯಾನಕ್ಕೆ ಒಳ್ಳೆಯ ಚಿತ್ರಕಥೆ ಸಾಕು. ಕನ್ನಡಕ್ಕೆ ತೆರೆದಿರುವ ದಾರಿ ಎರಡನೆಯದು.

ಆರನೇ ಮಾತು: “ನಮ್ಮಲ್ಲಿ ಡೈನೋಸಾರ್ ಇತ್ತಾ?”

ಭಾರತದಲ್ಲಿ ಇತ್ತು, ಧಾರಾಳವಾಗಿ. ಜಬಲ್ಪುರದಲ್ಲಿ ಬ್ರಿಟಿಷ್ ಅಧಿಕಾರಿ ಸ್ಲೀಮನ್‌ಗೆ 1828ರಲ್ಲೇ ಮೂಳೆಗಳು ಸಿಕ್ಕವು. ನರ್ಮದಾ ಕಣಿವೆಯ ಮಾಂಸಾಹಾರಿ ‘ರಾಜಸಾರಸ್ ನರ್ಮದೆನ್ಸಿಸ್’ಗೆ 2003ರಲ್ಲಿ ನಾಮಕರಣವಾಯಿತು. ಗೋದಾವರಿ ಕಣಿವೆಯಲ್ಲಿ ದೊರೆತ ಸಸ್ಯಾಹಾರಿ ‘ಬಾರಾಪಾಸಾರಸ್ ಟ್ಯಾಗೋರಿ’ಯ ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳು, 256 ಮೊಟ್ಟೆಗಳು ಪತ್ತೆಯಾದ ವರದಿ 2023ರಲ್ಲಿ ಪ್ರಕಟವಾಯಿತು.

ಕರಾವಳಿಯಲ್ಲಿ ಮಾತ್ರ ಅಂಥದ್ದು ಸಿಗಲಾರದು. ನಮ್ಮ ಕಾಲಡಿಯ ನೈಸ್ ಶಿಲೆಗೆ 250 ಕೋಟಿ ವರ್ಷಕ್ಕೂ ಹೆಚ್ಚಿನ ಪ್ರಾಯ. ಅದು ಡೈನೋಸಾರ್‌ಗಿಂತ ತೀರ ಹಿಂದಿನದು. ಮನೆ ಕಟ್ಟುವ ಮುರಕಲ್ಲು ಅದೇ ಶಿಲೆ ಮಳೆ ಬಿಸಿಲಿಗೆ ಕೊಳೆತು ಆದದ್ದು, ತೀರ ಈಚಿನದು. ನಡುವಿನ ಪುಟವೇ ಇಲ್ಲಿ ಕಾಣೆಯಾಗಿದೆ, ಒಂದು ಚೂರು ಬಿಟ್ಟು. ಮಲ್ಪೆಯ ಎದುರು ಕಡಲಿನಲ್ಲಿರುವ ಸೈಂಟ್ ಮೇರೀಸ್ ದ್ವೀಪದ ಷಟ್ಕೋನದ ಕಂಬಗಳು ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ತಣಿದು ಆದವು. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟ ಕಾಲ ಅದು. ಮಡಗಾಸ್ಕರ್‌ನಲ್ಲಿ ಸಿಕ್ಕ ಮಜುಂಗಸಾರಸ್ ನಮ್ಮ ರಾಜಸಾರಸ್‌ಗೆ ಹತ್ತಿರದ ಬಂಧು. ಎರಡು ನೆಲ ಹಿಂದೆ ಒಂದಾಗಿದ್ದವು ಎಂಬುದಕ್ಕೆ ಆ ಬಂಧುತ್ವವೂ ಒಂದು ಸಾಕ್ಷಿ. ಲಾವಾದಲ್ಲಿ ಮೂಳೆ ಉಳಿಯುವುದಿಲ್ಲ. ಆದರೆ ಆ ಕಂಬಗಳ ಮೇಲೆ ಕೂತವರು ಡೈನೋಸಾರ್ ಬದುಕಿದ್ದ ಕಾಲದ ಕಲ್ಲಿನ ಮೇಲೆ ಕೂತಿರುತ್ತಾರೆ.

ಕನ್ನಡ ಓದುಗರ ಸರೀಸೃಪ

ಸ್ಪೀಲ್‌ಬರ್ಗ್‌ಗಿಂತ 13 ವರ್ಷ ಮೊದಲೇ, 1980ರಲ್ಲಿ, ಪೂರ್ಣಚಂದ್ರ ತೇಜಸ್ವಿ ‘ಕರ್ವಾಲೊ’ ಕಾದಂಬರಿ ಬರೆದರು. ವಿಜ್ಞಾನಿ ಕರ್ವಾಲೊ, ಹಳ್ಳಿಯ ಮಂದಣ್ಣ ಮತ್ತು ಸಂಗಡಿಗರು ಹುಡುಕಿ ಹೊರಡುವುದು ಘಟ್ಟದ ಕಾಡಿನ ಹಾರುವ ಓತಿಯನ್ನು. ಈ ಓತಿ ನಿಜವಾದ ಪ್ರಾಣಿ. ಬಾಲ ಸೇರಿ ಸುಮಾರು ಒಂದು ಗೇಣು ಉದ್ದ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೂ ಕಾಣಸಿಗುತ್ತದೆ. ಪಕ್ಕೆಲುಬುಗಳನ್ನು ಅಗಲಿಸಿ, ಅವುಗಳ ನಡುವಿನ ಚರ್ಮ ಬಿಡಿಸಿ, ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಇಳಿದ ಕೂಡಲೇ ತೊಗಟೆಯ ಬಣ್ಣದಲ್ಲಿ ಮಾಯ. ಇದು ಹಲ್ಲಿಗಳ ಬಳಗದ್ದು, ಡೈನೋಸಾರ್ ಸಂತತಿಯಲ್ಲ. ಆದರೂ ಅಳಿದ ಲೋಕದ ಬೆರಗು ತೇಜಸ್ವಿಯವರಿಗೆ ಸಿಕ್ಕಿದ್ದು ಕೋಟಿ ಡಾಲರಿನ ಗೊಂಬೆಯಿಲ್ಲದೆ, ಗೇಣುದ್ದದ ಪ್ರಾಣಿಯಿಂದ. ಮೊದಲ ‘ಜುರಾಸಿಕ್ ಪಾರ್ಕ್’ ಗೆದ್ದದ್ದೂ ಪ್ರಾಣಿಯನ್ನು ಕಡಿಮೆ ತೋರಿಸಿ, ಹೆಚ್ಚು ಹುಡುಕಿಸಿ.

ಆಸಕ್ತರಿಗೆ

ಆರು ಮಾತುಗಳಲ್ಲಿ ಮೊದಲಿನ ಎರಡು ಪೂರ್ತಿ ಸರಿ. ಮೂರನೆಯದು ಅರ್ಧ ಸರಿ. ಉಳಿದ ಮೂರು ಪ್ರಶ್ನೆಗಳು, ಉತ್ತರ ಹುಡುಕಿದಷ್ಟೂ ಬೆಳೆಯುವ ಒಳ್ಳೆಯ ಪ್ರಶ್ನೆಗಳು. ಮಕ್ಕಳು ಇವನ್ನು ಕೇಳಿದಾಗ ‘ಅದೆಲ್ಲ ಸಿನಿಮಾ’ ಎಂದು ಬಾಯಿ ಮುಚ್ಚಿಸಬೇಡಿ. ಪಿಲಿಕುಳದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, 2018ರಿಂದ ಸ್ವಾಮಿ ವಿವೇಕಾನಂದ ತ್ರೀಡಿ ತಾರಾಲಯವೂ ಇದೆ. ಸೈಂಟ್ ಮೇರೀಸ್‌ಗೆ ಮಲ್ಪೆಯಿಂದ ದೋಣಿ ಸಿಗುತ್ತದೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲವಾದ್ದರಿಂದ ಕಡಲು ಶಾಂತವಾದ ಮೇಲೆ ಹೊರಡಿ. ಹೋಗುವ ಮುಂಚೆ ಮಕ್ಕಳ ಕೈಗೆ ‘ಕರ್ವಾಲೊ’ ಕೊಡಿ.